ಇಂಜೆಕ್ಷನ್ ಹಿಡಿಯದಿದ್ದರೆ ಮದ್ದಿನ ತಪ್ಪಾ?

ಪ್ರಶ್ನೆ: ಕೆಳಗಿನ ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಎರಡು ಇಂಜೆಕ್ಷನ್ ಕೊಟ್ಟರೂ ನೋವು ಹೋಗಲಿಲ್ಲ. ಮದ್ದು ಹಳೆಯದಾಗಿತ್ತಾ? – ಓದುಗರು, ಸುರತ್ಕಲ್

ಈ ತಿಂಗಳಲ್ಲಿ ಇದೇ ಪ್ರಶ್ನೆ ಮೂರನೆಯ ಸಲ. ಒಬ್ಬರಂತೂ ಮದ್ದಿನ ಬಾಟಲಿಯ ಫೋಟೋ ಕಳಿಸಿದ್ದಾರೆ, ಎಂತ ಮಾಡುವುದು ಮಾರಾಯ್ರೇ!

ಹೆಚ್ಚಾಗಿ ಮದ್ದಿನ ತಪ್ಪಲ್ಲ, ದವಡೆಯ ರಚನೆಯೇ ಹಾಗೆ. ಮೇಲ್ದವಡೆಯ ಮೂಳೆ ತೆಳು. ಹಲ್ಲಿನ ಪಕ್ಕ ಚುಚ್ಚಿದರೆ ಸಾಕು, ಮದ್ದು ಒಳಗೆ ಇಳಿಯುತ್ತದೆ. ಕೆಳದವಡೆಯ ಹಿಂಭಾಗ ದಪ್ಪ. ಹಾಗಾಗಿ ನರ ಮೂಳೆಯೊಳಗೆ ಹೊಗುವ ತೂತಿನ ಹತ್ತಿರವೇ ಮದ್ದು ಬಿಡಬೇಕು. ಆ ತೂತು ಕಣ್ಣಿಗೆ ಕಾಣುವುದಿಲ್ಲ, ಅಂದಾಜಿನ ಮೇಲೆ ಸೂಜಿ ಹೋಗಬೇಕು. ಒಬ್ಬರಿಗೆ ಅದು ಸ್ವಲ್ಪ ಮೇಲೆ, ಇನ್ನೊಬ್ಬರಿಗೆ ಹಿಂದೆ, ಮಕ್ಕಳಿಗೆ ಕೆಳಗೆ. ಕೆಲವರಲ್ಲಿ ನರ ಹೋಗುವ ಕಾಲುವೆಯೇ ಕವಲೊಡೆದು ಎರಡಾಗಿರುತ್ತದೆ. ಇನ್ನು ಕೆಲವರಲ್ಲಿ ನಾಲಿಗೆಯ ಬದಿಯಿಂದ ಬೇರೊಂದು ನರದ ಎಳೆ ಬಂದು ಹಲ್ಲಿಗೆ ಸೇರಿರುತ್ತದೆ. ತುಟಿ ಪೂರ್ತಿ ಮರಗಟ್ಟಿದೆ, ಹಲ್ಲು ಮಾತ್ರ ನೋಯುತ್ತದೆ ಅಂದರೆ ಇಂಥದ್ದೇನೋ ಇರಬಹುದು.

ನಿಮ್ಮ ತಪ್ಪೂ ಇರಬಹುದು. ಹದಿನೈದು ದಿನ ಲವಂಗದ ಎಣ್ಣೆ, ನಶ್ಯ ಅಂತ ಯಾರೋ ಹೇಳಿದ್ದೆಲ್ಲ ತುಂಬಿಸಿ, ಬಾವು ಬಂದ ಮೇಲೆ ಬಂದರೆ? ಬಾವಿದ್ದ ಕಡೆ ಆಸಿಡ್ ಅಂಶ ಜಾಸ್ತಿ, ಮದ್ದು ನರದೊಳಗೆ ಸರಿಯಾಗಿ ಇಳಿಯುವುದಿಲ್ಲ.

ಮುಂದಿನ ಸಲ ಕುರ್ಚಿಯಲ್ಲಿ ಕೂರುವ ಮೊದಲೇ ಹೀಗಾಗಿತ್ತು ಅಂತ ಹೇಳಿ. ಚುಚ್ಚುವ ಜಾಗ, ವಿಧಾನ ಬದಲಿಸಲು ಬರುತ್ತದೆ. ಹಳೆಯ ಒಪಿಜಿ (ಎರಡೂ ದವಡೆ ಒಟ್ಟಿಗೆ ಕಾಣುವ) ಎಕ್ಸ್‌ರೇ ಇದ್ದರೆ ತನ್ನಿ, ಆದರೆ ಅದರಲ್ಲಿ ಕಾಲುವೆಯ ಕವಲು ಎಲ್ಲ ಸಲವೂ ಕಾಣುತ್ತದೆ ಅಂತಿಲ್ಲ. ನಾನು ಸ್ವಲ್ಪ ಪುಕ್ಕಲ. ಬುದ್ಧಿ ಹಲ್ಲಿನ ಬೇರು ನರದ ಕಾಲುವೆಗೆ ತಾಗಿದಂತೆ ಕಂಡರೆ ಸಿಬಿಸಿಟಿ ಸ್ಕ್ಯಾನ್ (ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ) ನೋಡದೆ ಕೈ ಹಾಕುವುದಿಲ್ಲ. ದುಡ್ಡು ಹೊಡೆಯಲು ಅಂತ ಬೈಯುವವರು ಬೈಯಲಿ. ಆಮೇಲೆ ನರಕ್ಕೆ ಪೆಟ್ಟಾಗಿ ತುಟಿ ತಿಂಗಳುಗಟ್ಟಲೆ ಜೋಮು ಹಿಡಿದರೆ ಇನ್ನೂ ಜಾಸ್ತಿ ಬೈತಾರೆ, ಅಲ್ವಾ?

ಪ್ರಶ್ನೆ: ದವಡೆ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದಂತೆ? – ಬಂಟ್ವಾಳ

ಇಲ್ಲ. ನೋಡುವ ನರವೇ ಬೇರೆ. ಸುಮ್ನೆ ಹೆದರಿಸುತ್ತಾರೆ.

ಪ್ರಶ್ನೆ: ನಾಲಿಗೆಯ ಕೆಳಗೆ, ದವಡೆಯ ಒಳಬದಿ, ಎರಡೂ ಕಡೆ ಗಟ್ಟಿ ಗಂಟು. ನೋವಿಲ್ಲ. ಕ್ಯಾನ್ಸರಾ? – ಕಾಪು

ಬಹುಶಃ ಮೂಳೆಯದೇ ಉಬ್ಬು, ಎಷ್ಟೋ ಜನರಿಗೆ ಇರುತ್ತದೆ. ಹೆಚ್ಚಾಗಿ ಹಲ್ಲಿನ ಸೆಟ್ಟಿಗೆ ಅಡ್ಡ ಬಂದರೆ ಮಾತ್ರ ತೆಗೆಯುತ್ತಾರೆ. ಆದರೂ ಒಮ್ಮೆ ಹತ್ತಿರದ ದಂತವೈದ್ಯರಿಗೆ ತೋರಿಸಿ. ಬಾಯಲ್ಲಿ ಹುಣ್ಣಾಗಿ ಎರಡು ವಾರಕ್ಕೂ ಮಾಯದಿದ್ದರೆ, ಅದರಲ್ಲೂ ಎಲೆಅಡಿಕೆ ಹಾಕುವವರಾಗಿದ್ದರೆ, ನನಗೆ ಬರೆಯುತ್ತಾ ಕೂರಬೇಡಿ. ಇವತ್ತೇ ಹೋಗಿ.