ಕಾಲಿನ ಹುಣ್ಣಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿದೆ. ನೋವೇ ಇಲ್ಲ ಅನ್ನುತ್ತಾರೆ. ಆಸ್ಪತ್ರೆ ದೂರ. ಒಂದು ಸಲ ತೋರಿಸಿ ಬಂದಿದ್ದೇವೆ. ಇನ್ನು ಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಿರಿ ಅಂದಿದ್ದಾರೆ. ಇದನ್ನು ನಂಬಬಹುದಾ? ಫೋಟೊ ಹೇಗೆ ತೆಗೆಯಬೇಕು?

ಉತ್ತರ: ಡಾಕ್ಟರು ಒಮ್ಮೆ ಕೈಯಿಂದ ಮುಟ್ಟಿ ನೋಡಿದ ಹುಣ್ಣು ದಿನ ಕಳೆದಂತೆ ಹೇಗೆ ಬದಲಾಗುತ್ತಿದೆ ಅಂತ ತಿಳಿಯಲು ಫೋಟೊ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಪರೀಕ್ಷೆಯ ಬದಲಿಗೆ ಮಾತ್ರ ಬರುವುದಿಲ್ಲ. ಹುಣ್ಣು ಮೂಳೆವರೆಗೆ ಇಳಿದಿದೆಯಾ, ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯಾ, ವಾಸನೆ ಇದೆಯಾ, ಇವು ಯಾವುವೂ ಫೋಟೊದಲ್ಲಿ ಕಾಣುವುದಿಲ್ಲ. ಪಾದದ ನಾಡಿ ನೋಡಿದ್ದಾರಾ ಅಂತ ಒಮ್ಮೆ ಕೇಳಿ. ನೋಡಿಲ್ಲ ಅಂದರೆ ಮತ್ತೆ ಹೋಗಲೇಬೇಕು.

ಇದರ ಮೇಲೆ ಅಧ್ಯಯನಗಳೂ ಆಗಿವೆ. ನಾರ್ವೆಯಲ್ಲಿ 182 ಜನರ ಮೇಲೆ ನಡೆದದ್ದು 2018ರಲ್ಲಿ ಪ್ರಕಟವಾಯಿತು. ಫೋಟೊ ಮೂಲಕ ದೂರದಿಂದ ಚಿಕಿತ್ಸೆ ಪಡೆದವರು, ಮಾಮೂಲಿನಂತೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡವರು, ಎರಡೂ ಗುಂಪಿನಲ್ಲಿ ಹುಣ್ಣು ಮಾಯುವುದು ಹೆಚ್ಚುಕಮ್ಮಿ ಒಂದೇ. ದೂರದಿಂದ ಚಿಕಿತ್ಸೆ ಪಡೆದವರಲ್ಲಿ ಕಾಲು, ಬೆರಳು ಕತ್ತರಿಸುವ ಪ್ರಸಂಗ ಕಡಿಮೆ. ಆದರೆ ಅಲ್ಲಿ ಫೋಟೊ ತೆಗೆದು ಕಳಿಸುತ್ತಿದ್ದವರು ನರ್ಸ್‌ಗಳು, ನಿಮ್ಮ ಹಾಗೆ ಮನೆಯವರಲ್ಲ. 2015ರ ಡೆನ್ಮಾರ್ಕ್ ಅಧ್ಯಯನದಲ್ಲೂ ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ದೂರದಿಂದ ಚಿಕಿತ್ಸೆ ಪಡೆದವರಲ್ಲಿ ಸಾವು ಜಾಸ್ತಿ ಇತ್ತು, ಯಾಕೆ ಅಂತ ಅಧ್ಯಯನ ಮಾಡಿದವರಿಗೂ ಗೊತ್ತಾಗಲಿಲ್ಲ. ಬರೀ ಮೊಬೈಲ್ ಫೋಟೊ ನೋಡಿ ಹೇಳಿದ್ದು ಎದುರಿಗೆ ನೋಡಿ ಹೇಳಿದ್ದಕ್ಕೆ ಅಷ್ಟಾಗಿ ತಾಳೆಯಾಗುವುದಿಲ್ಲ ಅಂತ ಇನ್ನೊಂದು ಅಧ್ಯಯನ ತೋರಿಸಿದೆ. ಹಾಗಾಗಿ ಫೋಟೊ ಕಳಿಸಿ, ಆಸ್ಪತ್ರೆ ಭೇಟಿಯನ್ನೂ ಬಿಡಬೇಡಿ.

ಈಗ ಫೋಟೊ. ಗಾಯ ತೊಳೆದು ಒರೆಸಿದ ಮೇಲೆ, ಮುಲಾಮು ಹಚ್ಚುವ ಮೊದಲು ತೆಗೆಯಿರಿ. ಕಿಟಕಿ ಹತ್ತಿರ, ಹಗಲ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ಬಿದ್ದರೆ ಒದ್ದೆ ಗಾಯ ಹೊಳೆದು ಒಳಗಿನದು ಏನೂ ಕಾಣುವುದಿಲ್ಲ. ಹುಣ್ಣಿನ ಪಕ್ಕದಲ್ಲಿ, ತಾಗದಂತೆ, ಸ್ವಚ್ಛವಾದ ಒಂದು ಸ್ಕೇಲ್ ಇಡಿ. ಇದನ್ನು ಮಾತ್ರ ಮರೆಯಬೇಡಿ. 4 ವಾರದಲ್ಲಿ ಹುಣ್ಣು ಸುಮಾರು ಅರ್ಧದಷ್ಟಾದರೂ ಕುಗ್ಗದಿದ್ದರೆ ಚಿಕಿತ್ಸೆ ಬದಲಿಸುವುದನ್ನು ಯೋಚಿಸಬೇಕಾಗುತ್ತದೆ. ಅಳತೆಯೇ ಇಲ್ಲದ ಫೋಟೊದಲ್ಲಿ ಅದು ಹೇಗೆ ಗೊತ್ತಾಗಬೇಕು? ಪ್ರತಿ ಸಲ ಅದೇ ದೂರ, ಅದೇ ಕೋನ. ಹತ್ತಿರದಿಂದ ಒಂದು, ಇಡೀ ಪಾದದ್ದು ಒಂದು. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮಸುಕಾಗುವುದಿಲ್ಲ.

ಸುಮ್ನೆ ಫೋಟೊ ಒಂದನ್ನೇ ಹಾಕಬೇಡಿ. ಆ ದಿನದ ಶುಗರ್, ಜ್ವರ ಇದೆಯಾ, ಬ್ಯಾಂಡೇಜಿಗೆ ಎಷ್ಟು ರಸಿಕೆ ಅಂಟಿತ್ತು, ವಾಸನೆ ಬಂತಾ, ಎರಡು ಸಾಲಿನಲ್ಲಿ ಬರೆಯಿರಿ. ಕಪ್ಪು ಚರ್ಮದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಅದಕ್ಕೇ ಕೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ನೋಡಿ. ಒಂದೇ ಕಡೆ ಬಿಸಿ ಅನ್ನಿಸಿದರೆ ಅದನ್ನೂ ಬರೆಯಿರಿ. ನಾನಂತೂ ಚಪ್ಪಲಿಯ ಫೋಟೊ ಕೂಡ ಕೇಳುತ್ತೇನೆ. ಅಂಗಾಲಿನ ಹುಣ್ಣು ಮಾಯದಿರಲು ಎಷ್ಟೋ ಸಲ ಔಷಧಿ ಕಾರಣವಲ್ಲ, ಅದರ ಮೇಲೇ ಭಾರ ಹಾಕಿ ಓಡಾಡುವುದು ಕಾರಣ. ಅದಕ್ಕೆ ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡುವ ಬೇರೆ ಪಾದರಕ್ಷೆ ಅಥವಾ ಪ್ಲಾಸ್ಟರ್‌ನಂಥ ಕಟ್ಟು ಬೇಕು. ಅದನ್ನು ವಿಚಾರಿಸಿ.

'ನೋವಿಲ್ಲ' ಅಂತ ಸಮಾಧಾನ ಪಡಬೇಡಿ. ನರ ಜಡವಾಗಿರುವುದರಿಂದಲೇ ನೋವು ಗೊತ್ತಾಗುತ್ತಿಲ್ಲ. ಇಂಥ ಪಾದದಲ್ಲಿ ಇದ್ದಕ್ಕಿದ್ದಂತೆ ನೋವು ಶುರುವಾದರೆ ಅದು ಇನ್ನೂ ಕೆಟ್ಟ ಸೂಚನೆ.

ಫ್ಯಾಮಿಲಿ ಗ್ರೂಪಿಗೆ ಮಾತ್ರ ಈ ಫೋಟೊ ಹಾಕಬೇಡಿ, ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಮೆಸೇಜ್ ಯಾರು ನೋಡುತ್ತಾರೆ, ಎಷ್ಟು ಹೊತ್ತಿಗೆ, ರಜಾ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿಟ್ಟುಕೊಳ್ಳಿ. ಜ್ವರ, ಚಳಿ ನಡುಕ, ಕೀವು, ಹುಣ್ಣಿನ ಸುತ್ತ 2 ಸೆಂಟಿಮೀಟರ್‌ಗಿಂತ ಆಚೆ ಹರಡಿದ ಕೆಂಪು, ಪಾದದ ಊತ, ಕಪ್ಪಾದ ಬೆರಳು, ಇವುಗಳಲ್ಲಿ ಒಂದು ಕಂಡರೂ ಟಿಕ್ ನೀಲಿಯಾಗಲಿ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೊರಡಿ, ಮೆಸೇಜ್ ದಾರಿಯಲ್ಲಿ ಹಾಕಿದರಾಯಿತು.