ಆನೆ ಸೊರಗಿದ್ದು ಹೇಗೆ?

ಕೊಳ್ಳೇಗಾಲದ ಓದುಗರೊಬ್ಬರ ಪತ್ರ: "2007ರಲ್ಲಿ ಉತ್ತರಪ್ರದೇಶವನ್ನು ಯಾರ ಹಂಗೂ ಇಲ್ಲದೆ ಗೆದ್ದ ಮಾಯಾವತಿಯವರ ಬಹುಜನ ಸಮಾಜ ಪಕ್ಷಕ್ಕೆ (ಬಿಎಸ್‌ಪಿ) 2022ರಲ್ಲಿ ಸಿಕ್ಕಿದ್ದು ಒಂದೇ ಸೀಟು. ಜಾತಿ ನೆಚ್ಚಿಕೊಂಡ ಪಕ್ಷದ ಆಯಸ್ಸು ಇಷ್ಟೇ ಅಲ್ವಾ ಸಂಪಾದಕರೇ?"

ಅಲ್ಲ ಅನ್ನಿಸುತ್ತದೆ ಸ್ವಾಮಿ. ಜಾತಿ ನೆಚ್ಚದ ಪಕ್ಷ ಯಾವುದಿದೆ ಹೇಳಿ? ಟಿಕೆಟ್ ಹಂಚುವ ದಿನ ಎಲ್ಲರ ಕೈಯಲ್ಲೂ ಅದೇ ಲೆಕ್ಕದ ಚೀಟಿ ಇರುತ್ತದೆ.

ಮೊದಲು ಸೀಟು ಮರೆತು ವೋಟು ನೋಡಿ. 2007ರ ವಿಧಾನಸಭೆ ಚುನಾವಣೆಯಲ್ಲಿ ಬಿಎಸ್‌ಪಿಗೆ ಬಿದ್ದದ್ದು ಶೇ. 30ರಷ್ಟು ವೋಟು, ಬಂದದ್ದು 206 ಸೀಟು. 2012ರಲ್ಲಿ ವೋಟು ಶೇ. 26ರ ಹತ್ತಿರಕ್ಕೆ ಇಳಿಯಿತು, ಅಷ್ಟಕ್ಕೇ ಸೀಟು 80ಕ್ಕೆ ಬಿತ್ತು. 2014ರ ಲೋಕಸಭೆ ಚುನಾವಣೆಯಲ್ಲಂತೂ ಆ ರಾಜ್ಯದಲ್ಲಿ ವೋಟು ಹಾಕಿದ ಐದು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಬಿಎಸ್‌ಪಿಯ ಚಿಹ್ನೆಯಾದ ಆನೆಗೇ ಒತ್ತಿದರು, ಆದರೂ 80 ಸೀಟಿನಲ್ಲಿ ಒಂದೂ ಬರಲಿಲ್ಲ. 2017ರ ವಿಧಾನಸಭೆ ಚುನಾವಣೆಯಲ್ಲಿ ವೋಟಿನ ಲೆಕ್ಕದಲ್ಲಿ ಬಿಎಸ್‌ಪಿ ಸಮಾಜವಾದಿ ಪಕ್ಷಕ್ಕಿಂತ ಕೂದಲೆಳೆ ಮುಂದಿತ್ತು. ಸೀಟು ಮಾತ್ರ 19, ಅವರಿಗೆ 47. (ಅವರು ಕಾಂಗ್ರೆಸ್‌ಗೆ ಬಿಟ್ಟುಕೊಟ್ಟು ಕಡಿಮೆ ಕಡೆ ನಿಂತಿದ್ದರು ಅನ್ನಿ.) ನಮ್ಮ ಚುನಾವಣೆ ಪದ್ಧತಿಯೇ ಹಾಗೆ, ಒಂದು ಗೆರೆ ದಾಟಿದರೆ ಸೀಟಿನ ರಾಶಿ, ದಾಟದಿದ್ದರೆ ಚಿಪ್ಪು.

ಹಾಗಂತ ಎಲ್ಲವನ್ನೂ ಪದ್ಧತಿಯ ತಲೆಗೆ ಕಟ್ಟುವ ಹಾಗಿಲ್ಲ. 2022ರಲ್ಲಿ ವೋಟೇ ಶೇ. 13ಕ್ಕಿಂತ ಕೆಳಗಿಳಿಯಿತು. ಇಲ್ಲಿದೆ ನಿಜವಾದ ಪೆಟ್ಟು.

ಇದು ಅರ್ಥವಾಗಬೇಕಾದರೆ ಕಾನ್ಶಿರಾಮ್ ಪಕ್ಷ ಕಟ್ಟಿದ ರೀತಿ ನೋಡಬೇಕು. ಅವರು ಮೊದಲು ಪಕ್ಷ ಮಾಡಲಿಲ್ಲ. 1978ರಲ್ಲಿ ಸರ್ಕಾರಿ ನೌಕರರ ಸಂಘಟನೆ ಬಾಮ್‌ಸೆಫ್ ಕಟ್ಟಿದರು, ಬಿಎಸ್‌ಪಿ ಹುಟ್ಟಿದ್ದು 1984ರ ಅಂಬೇಡ್ಕರ್ ಜಯಂತಿಯಂದು. ಬಹುಜನ ಅಂದರೆ ಒಂದು ಜಾತಿ ಅಲ್ಲ. ದಲಿತರು, ಹಿಂದುಳಿದವರು, ಅಲ್ಪಸಂಖ್ಯಾತರು ಎಲ್ಲ ಸೇರಿದ್ದು. ಕುರ್ಮಿ, ರಾಜಭರ್, ಮೌರ್ಯ, ಪಾಸಿ ಅಂತ ಒಂದೊಂದು ಸಮುದಾಯದಿಂದಲೂ, ಬೇರೆ ಪಕ್ಷಗಳಲ್ಲಿ ಕುರ್ಚಿ ಸಿಗದವರನ್ನು ಹುಡುಕಿ ಹುಡುಕಿ ಲೀಡರ್ ಮಾಡಿದರು. ಮೊದಲನೇ ಚುನಾವಣೆ ಸೋಲೋದಕ್ಕೆ, ಎರಡನೆಯದು ಸೋಲಿಸೋದಕ್ಕೆ, ಮೂರನೆಯದು ಗೆಲ್ಲೋದಕ್ಕೆ ಅನ್ನುವುದು ಅವರ ಪಾಠ. ಅಂಥ ತಾಳ್ಮೆ ಈಗ ಯಾರಿಗಿದೆ?

ಆಮೇಲೆ ಆ ಲೀಡರುಗಳು ಒಬ್ಬೊಬ್ಬರಾಗಿ ಹೊರಗೆ ಹೋದರು. ಕುರ್ಮಿಗಳ ಲೀಡರ್ ಸೋನೆಲಾಲ್ ಪಟೇಲ್ 1995ರಲ್ಲೇ ಹೋಗಿ ಅಪ್ನಾ ದಳ ಅನ್ನುವ ಪಕ್ಷ ಮಾಡಿದರು. ಓಂಪ್ರಕಾಶ್ ರಾಜಭರ್ 2002ರಲ್ಲಿ ತಮ್ಮದೇ ಪಕ್ಷದ ಅಂಗಡಿ ತೆರೆದರು. ಸ್ವಾಮಿ ಪ್ರಸಾದ್ ಮೌರ್ಯ 2016ರಲ್ಲಿ ಬಿಟ್ಟರು. ಈ ಮೂರೂ ಕವಲಿನ ವೋಟು 2017ರಲ್ಲಿ ಬಿಜೆಪಿ ಕಣಜಕ್ಕೆ ಬಿತ್ತು. 2007ರಲ್ಲಿ ಬಂದಿದ್ದ ಬ್ರಾಹ್ಮಣರು, ಅದೇ "ಆನೆ ಅಲ್ಲ, ಗಣೇಶ" ಅಂತ ಘೋಷಣೆ ಕೂಗಿಸಿ ಕರೆಸಿಕೊಂಡವರು, ಹೆಚ್ಚು ದಿನ ನಿಲ್ಲಲಿಲ್ಲ. ಉಳಿದವರು ಮುಖ್ಯವಾಗಿ ಜಾಟವ್ ದಲಿತರು, ಅಂದರೆ ಮಾಯಾವತಿಯವರ ಸ್ವಂತ ಸಮುದಾಯ. ಹಾಗಾಗಿ ನಿಮ್ಮ ಮಾತನ್ನು ನಾನು ತಿರುಗಿಸಿ ಹೇಳುತ್ತೇನೆ: ಪಕ್ಷ ಸೊರಗಿದ್ದು ಜಾತಿಗಳನ್ನು ನಂಬಿದ್ದಕ್ಕಲ್ಲ, ನಂಬಿದ್ದ ಅಷ್ಟೂ ಜಾತಿಗಳು ಹೋಗಿ ಒಂದೇ ಉಳಿದದ್ದಕ್ಕೆ.

ಆ ಒಂದಾದರೂ ಗಟ್ಟಿ ಉಳಿಯಿತಾ? 2024ರ ಲೋಕಸಭೆಯಲ್ಲಿ ಉತ್ತರಪ್ರದೇಶದ ವೋಟು ಶೇ. 9ರ ಆಸುಪಾಸಿಗೆ ಬಂತು, ಸೀಟು ಮತ್ತೆ ಸೊನ್ನೆ. ಮೀಸಲು ಕ್ಷೇತ್ರ ನಗೀನಾದಲ್ಲಿ ಇನ್ನೊಬ್ಬ ದಲಿತ ನಾಯಕ, ಭೀಮ್ ಆರ್ಮಿ ಸಂಘಟನೆಯ ಚಂದ್ರಶೇಖರ್ ಆಜಾದ್ ಗೆದ್ದರು. ಆನೆ ಅಲ್ಲಿ ನಾಲ್ಕನೇ ಜಾಗದಲ್ಲಿತ್ತು. ಇತ್ತ ಮಾಯಾವತಿಯವರು ತಮ್ಮ ಸೋದರಳಿಯ ಆಕಾಶ್ ಆನಂದ್ ಅವರನ್ನು ಉತ್ತರಾಧಿಕಾರಿ ಅನ್ನುವುದು, ಕಿತ್ತು ಹಾಕುವುದು, ಮತ್ತೆ ತರುವುದು, ಮತ್ತೆ ಉಚ್ಚಾಟಿಸಿ ಮತ್ತೆ ಸೇರಿಸಿಕೊಳ್ಳುವುದು 2023ರ ಡಿಸೆಂಬರಿನಿಂದ 2025ರ ಏಪ್ರಿಲ್ ತನಕ ನಡೆದೇ ಇತ್ತು. ಊರಲ್ಲಿ ಬಾವುಟ ಹಿಡಿಯುವ ಹುಡುಗ ಯಾರಿಗೆ ಜೈ ಅನ್ನಬೇಕು, ಪಾಪ?

ನಿಮ್ಮ ಕ್ಷೇತ್ರದ ವಿಷಯ ನಿಮಗೆ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ. ಎನ್. ಮಹೇಶ್ ಅವರು ಹಿಂದೆ ಸೋತು, 2018ರಲ್ಲಿ ಜೆಡಿಎಸ್ ಜೊತೆಗಿನ ಮೈತ್ರಿಯಲ್ಲಿ ಆನೆಯನ್ನು ಗೆಲ್ಲಿಸಿದರು, ಮಂತ್ರಿಯೂ ಆದರು. 2019ರಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ ಅಂತ ಪಕ್ಷ ಅವರನ್ನು ಹೊರಗೆ ಹಾಕಿತು. 2023ರಲ್ಲಿ ಬಿಜೆಪಿಯಿಂದ ನಿಂತು ಸೋತರು. ಅವರ ಹಿಂದೆ ಹೋದವರೆಷ್ಟು, ಆನೆ ಜೊತೆಗೇ ಉಳಿದವರೆಷ್ಟು ಅನ್ನೋದು ಇಲ್ಲಿ ಕೂತ ನನಗಿಂತ ನಿಮ್ಮ ಬೀದಿಗೆ ಚೆನ್ನಾಗಿ ಗೊತ್ತು. ನಾಲ್ಕು ಜನರನ್ನು ಮಾತಾಡಿಸಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.