ಓದುಗರ ಪ್ರಶ್ನೆ: ರಿಪೀಟರ್ ನಮಗೆ ಕೇಳಿಸುತ್ತೆ, ನಾವು ಅದಕ್ಕೆ ಕೇಳಿಸಲ್ಲ!

ಪ್ರಶ್ನೆ: ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ. ಇರುವುದು ಬಾವೊಫೆಂಗ್ ಯುವಿ-5ಆರ್ ಕೈಸೆಟ್ಟು. ಮೈಸೂರು ಕಡೆಯ ರಿಪೀಟರ್ ಮನೆಯೊಳಗೇ ಸ್ಪಷ್ಟವಾಗಿ ಕೇಳುತ್ತದೆ, ನಾನು ಕರೆದರೆ ಮಾತ್ರ ಯಾರೂ ಉತ್ತರಿಸುವುದಿಲ್ಲ. ಸೆಟ್ಟೇ ಕೆಟ್ಟಿದೆಯೇ?
– ಓದುಗರು, ಮಂಡ್ಯ

ಉತ್ತರ: ಸೆಟ್ಟನ್ನು ಈಗಲೇ ಅನುಮಾನಿಸಬೇಡಿ. ರಿಪೀಟರ್ ಎಂದರೆ ನಿಮ್ಮ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸ್ಟೇಷನ್. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತದೆ, ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತದೆ. 2 ಮೀಟರ್ ಬ್ಯಾಂಡಿನಲ್ಲಿ ಇವೆರಡರ ನಡುವಿನ ಅಂತರ, ಅಂದರೆ ಆಫ್‌ಸೆಟ್, ವಾಡಿಕೆಯಲ್ಲಿ 600 ಕಿಲೋಹರ್ಟ್ಜ್. ಉದಾಹರಣೆಗೆ, ರಿಪೀಟರ್ ನಿಮಗೆ 145.600 ಮೆಗಾಹರ್ಟ್ಜ್‌ನಲ್ಲಿ ಕೇಳಿಸುತ್ತಿದ್ದರೆ ನೀವು ಕಳಿಸಬೇಕಾದ್ದು 145.000ದಲ್ಲಿ. ನಿಮ್ಮ ಸೆಟ್ಟಿನಲ್ಲಿ ವಿಎಫ್‌ಒ (ಫ್ರೀಕ್ವೆನ್ಸಿಯನ್ನು ನೇರವಾಗಿ ಒತ್ತಿ ಹಾಕುವ) ಮೋಡಿಗೆ ಹೋಗಿ, ಮೆನು 25ರಲ್ಲಿ ಮೈನಸ್ ಆರಿಸಿ, ಮೆನು 26ರಲ್ಲಿ 00.600 ಹಾಕಿ. ರಿಪೀಟರಿಗೆ ಟೋನ್, ಅಂದರೆ ಅದು ಬಾಯಿ ತೆರೆಯಲು ನಿಮ್ಮ ಮಾತಿನ ಜೊತೆ ಹೋಗಬೇಕಾದ ಸಣ್ಣ ಸ್ವರ, ಇದ್ದರೆ ಅದನ್ನು ಮೆನು 13ರಲ್ಲಿ ಕೊಡಿ. ಕೇಳುವ ಟೋನಿನ ಮೆನು 11 ಆಫ್ ಇರಲಿ. ಅಲ್ಲಿ ತಪ್ಪು ಟೋನ್ ಕೂತರೆ ಕೇಳುತ್ತಿರುವುದೂ ನಿಂತುಹೋಗುತ್ತದೆ. ಕೊನೆಗೆ ಮೆನು 27ರಲ್ಲಿ ಚಾನೆಲ್ ಉಳಿಸಿ.

ಈಗ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿ, ಪರದೆ ನೋಡಿ. ಅಂಕಿ 145.000ಕ್ಕೆ ಇಳಿಯಬೇಕು. ಇಳಿಯದಿದ್ದರೆ ಆಫ್‌ಸೆಟ್ ಕೂತಿಲ್ಲ. ನಿಮ್ಮ ಕಾಲ್‌ಸೈನ್ ಹೇಳಿ ಬಟನ್ ಬಿಟ್ಟಮೇಲೆ ರಿಪೀಟರಿನ ಬಾಲ, ಎಂದರೆ ಒಂದೆರಡು ಸೆಕೆಂಡು ಮಾತಿಲ್ಲದ ಬರೀ ರೇಡಿಯೋ ಅಲೆ, ಬಂದರೆ ನೀವು ತಲುಪಿದಿರಿ. ಹೆಸರು ಹೇಳದೆ ಬರೀ ಪಿಟಿಟಿ ಒತ್ತಿ ಬಿಡುವ ಚಾಳಿ ಬೇಡ.

ಬಾಲ ಬರುತ್ತದೆ, ಆದರೆ ಮಾತು ಗೊರಗೊರ ಎನ್ನುತ್ತದೆ ಅಂತ ಬೇರೆಯವರು ಹೇಳಿದರೆ, ಅಡ್ಡಿ ಆರ್‌ಸಿಸಿ ಮನೆ. ಬೆಟ್ಟದ ಮೇಲಿನ 25 ವ್ಯಾಟ್ ನಿಮ್ಮ ಹಾಲ್‌ವರೆಗೂ ಬರುತ್ತದೆ. ರಬ್ಬರ್ ಆಂಟೆನಾದ 4-5 ವ್ಯಾಟ್ 40 ಕಿಲೋಮೀಟರ್ ಹಿಂದಕ್ಕೆ ಹೋಗಬೇಕಲ್ಲ. ತಾರಸಿ ಮೇಲೆ ಗ್ರೌಂಡ್ ಪ್ಲೇನ್ ಆಂಟೆನಾ ಕಟ್ಟಿ: ನೆಟ್ಟಗೆ 49 ಸೆಂ.ಮೀ. ಕಡ್ಡಿ, ಕೆಳಗೆ 45 ಡಿಗ್ರಿ ಬಾಗಿಸಿದ 51 ಸೆಂ.ಮೀ.ಯ ನಾಲ್ಕು ಕಡ್ಡಿ. ಕೇಬಲ್ಲಿಗೆ ಜಿಪುಣತನ ಬೇಡ. ತೆಳು ಆರ್‌ಜಿ-58 ಕೇಬಲ್ ಈ ಬ್ಯಾಂಡಿನಲ್ಲಿ 15 ಮೀಟರಿಗೇ ಸುಮಾರು 3 ಡಿಬಿ (ಡೆಸಿಬೆಲ್), ಅಂದರೆ ಅರ್ಧ ಪವರ್, ನುಂಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಕ್ಲಬ್ಬಿನಲ್ಲಿ 25 ವ್ಯಾಟಿನ ಎರಡು ಹಳೆಯ ಮೊಬೈಲ್ ಸೆಟ್‌ಗಳಿವೆ (ವಾಹನದಲ್ಲಿಡುವ ರೇಡಿಯೋ). ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರೆ ಮಾಡುವ ಡ್ಯೂಪ್ಲೆಕ್ಸರ್ ದುಬಾರಿ. ಒಂದೇ ಟವರಿನಲ್ಲಿ ಎರಡು ಆಂಟೆನಾ ಹಾಕಿ ರಿಪೀಟರ್ ಮಾಡಬಹುದೇ?
– ವಿದ್ಯಾರ್ಥಿಗಳು, ಮೈಸೂರು

ಉತ್ತರ: ಟವರ್ ಎಷ್ಟೆತ್ತರ? ಬರೀ 600 ಕಿಲೋಹರ್ಟ್ಜ್ ಅಂತರದಲ್ಲಿ ನಿಮ್ಮದೇ ಟ್ರಾನ್ಸ್‌ಮಿಟರ್ ರಿಸೀವರಿನ ಕಿವಿ ಮುಚ್ಚಿಸಬಾರದು ಎಂದರೆ ಎರಡರ ನಡುವೆ 85 ಡಿಬಿ ಆಸುಪಾಸಿನ ತಡೆ ಬೇಕು. ಆಂಟೆನಾಗಳನ್ನು ಒಂದರ ಮೇಲೊಂದು ಇಟ್ಟು ಇದನ್ನು ಸಾಧಿಸಲು ಲೆಕ್ಕದ ಪ್ರಕಾರ ಸುಮಾರು 55 ಮೀಟರ್ ಅಂತರ ಬೇಕು. ಅಕ್ಕಪಕ್ಕ ಇಟ್ಟರೆ ಕಿಲೋಮೀಟರ್‌ಗಟ್ಟಲೆ. ಹಾಗಾಗಿ ಆರು ಕ್ಯಾವಿಟಿಯ (ಡಬ್ಬಿಯಂಥ ಫಿಲ್ಟರಿನ) ಡ್ಯೂಪ್ಲೆಕ್ಸರಿಗೇ ದುಡ್ಡು ಕೂಡಿಸಿ. ಆನ್‌ಲೈನಿನಲ್ಲಿ ಸಿಗುವ ಅಂಗೈಯಗಲದ ಡ್ಯೂಪ್ಲೆಕ್ಸರುಗಳು ಕೆಲವು ಮೆಗಾಹರ್ಟ್ಜ್ ಅಂತರಕ್ಕೆ ಮಾಡಿದವು, ಇಲ್ಲಿಗೆ ದಂಡ. ಪವರ್ ಹೆಚ್ಚಿಸುವ ಆಸೆಯನ್ನಂತೂ ಬಿಟ್ಟೇಬಿಡಿ. ಮೊಬೈಲ್ ಸೆಟ್ ಬಿಡುವಿಲ್ಲದೆ ಟ್ರಾನ್ಸ್‌ಮಿಟ್ ಮಾಡಲು ಹುಟ್ಟಿದ್ದಲ್ಲ. 10-15 ವ್ಯಾಟಿಗೆ ಇಳಿಸಿ, ಹೀಟ್‌ಸಿಂಕಿಗೆ ಫ್ಯಾನ್ ಕೊಡಿ, ತಾನಾಗಿ ಮಾತು ಕಡಿಯುವ ಟೈಮ್‌ಔಟ್ 3 ನಿಮಿಷಕ್ಕೆ ಇಡಿ. ಸ್ಟೇಷನ್ ಏಳುವ ಮೊದಲು ರೇಡಿಯೋ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿಯ ಅನುಮತಿ ಕೈಯಲ್ಲಿರಬೇಕು.

ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಿ. ದೂರದಿಂದ ಒಬ್ಬರು ಗೊರಗೊರ ಎಂದು ಕೇಳುವಷ್ಟು ದುರ್ಬಲವಾಗಿ ಕಳಿಸಲಿ. ರಿಸೀವರಿನ ಸ್ಪೀಕರಿಗೆ ಕಿವಿಯಿಟ್ಟು ಟ್ರಾನ್ಸ್‌ಮಿಟರನ್ನು ಆನ್, ಆಫ್ ಮಾಡಿ. ಆನ್ ಆದೊಡನೆ ಗೊರಗೊರ ಹೆಚ್ಚಿದರೆ ಡಿಸೆನ್ಸ್ ಇದೆ, ಅಂದರೆ ನಿಮ್ಮ ಟ್ರಾನ್ಸ್‌ಮಿಟರೇ ರಿಸೀವರಿನ ಕಿವಿ ಮುಚ್ಚಿಸುತ್ತಿದೆ. ಆಗ ಆಂಟೆನಾ ಕಳಚಿ ಡಮ್ಮಿ ಲೋಡ್ (ಪವರನ್ನು ಹೊರಬಿಡದೆ ನುಂಗುವ ನಕಲಿ ಆಂಟೆನಾ) ಹಾಕಿ, ಅಷ್ಟೇ ದುರ್ಬಲ ಸಿಗ್ನಲನ್ನು ಸಿಗ್ನಲ್ ಜನರೇಟರಿನಿಂದ ಕೊಟ್ಟು ಮತ್ತೆ ಕೇಳಿ. ತೊಂದರೆ ಮಾಯವಾದರೆ ಕಳ್ಳ ಮೇಲಿದ್ದಾನೆ: ಆಂಟೆನಾ, ಕೇಬಲ್, ಇಲ್ಲವೇ ತುಕ್ಕು ಹಿಡಿದ ಬೋಲ್ಟು. ಹಾಗೇ ಉಳಿದರೆ ಡ್ಯೂಪ್ಲೆಕ್ಸರಿನ ಟ್ಯೂನಿಂಗು ಅಥವಾ ಸೆಟ್‌ಗಳ ನಡುವಿನ ಸೋರಿಕೆ. ಒಳಗಿನ ಜೋಡಣೆಗೆಲ್ಲ ಎರಡು ಹೆಣಿಗೆಯ ಆರ್‌ಜಿ-214 ಅಥವಾ ಆರ್‌ಜಿ-400 ಕೇಬಲ್ ಬಳಸಿ. ಎಲ್‌ಎಂಆರ್-400 ನಷ್ಟದ ಲೆಕ್ಕದಲ್ಲಿ ಚೆನ್ನಾಗಿಯೇ ಕಂಡರೂ ಅದರ ಅಲ್ಯೂಮಿನಿಯಂ ಹಾಳೆ ಮತ್ತು ತಾಮ್ರದ ಹೆಣಿಗೆ ಉಜ್ಜಿ ರಿಪೀಟರಿನಲ್ಲಿ ಕರಕರ ಸದ್ದು ಹುಟ್ಟಿಸುತ್ತದೆ. ಮೇಲಕ್ಕೆ ಹೋಗುವ ಕೇಬಲ್ ಹೀಲಿಯಾಕ್ಸ್ (ಹೆಣಿಗೆಯ ಬದಲು ಸುಕ್ಕುಗಟ್ಟಿದ ತಾಮ್ರದ ಕೊಳವೆ ಇರುವುದು) ಆಗಿರಲಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ರಿಪೀಟರ್ ಮಂಕಾಗುತ್ತದೆ. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ಎಷ್ಟು ಹಿಂದೆ ಬರುತ್ತದೆ ಎಂಬ ಅಳತೆ) ನೋಡಿದರೆ ಮೊದಲಿಗಿಂತ ಚೆನ್ನಾಗಿದೆ!
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಚೆನ್ನಾಗಿರುವುದೇ ಅಪಾಯದ ಗುರುತು. ನೀರು ಕುಡಿದ ಕೇಬಲ್ ಹೋಗುವ ಪವರನ್ನೂ ಹಿಂದೆ ಬರುವ ಪವರನ್ನೂ ತಿನ್ನುತ್ತದೆ, ಮೀಟರ್ ಸುಮ್ಮನೆ ಖುಷಿಪಡಿಸುತ್ತದೆ. ಆಂಟೆನಾ ಬುಡದಲ್ಲಿ ಪವರ್ ಅಳೆದರೆ ನಿಜ ಗೊತ್ತಾಗುತ್ತದೆ. ಕನೆಕ್ಟರ್ ಬಿಚ್ಚಿ, ಹೆಣಿಗೆ ಕಪ್ಪಾಗಿದ್ದರೆ ಒಣಗಿಸಿ ಪ್ರಯೋಜನವಿಲ್ಲ, ಕೇಬಲ್ಲನ್ನೇ ಬದಲಿಸಿ. ಹೊಸ ಜೋಡಣೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಕೇಬಲ್ ಕೋಣೆಯೊಳಗೆ ಬರುವ ಮುನ್ನ ಕೆಳಕ್ಕೊಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್-ಮೇ ಗುಡುಗಿಗೂ ಮೊದಲು ಇದನ್ನೂ ಸಿಡಿಲು ನಿರೋಧಕದ ಅರ್ಥಿಂಗನ್ನೂ ನೋಡಿ ಮುಗಿಸಿ.

ಪ್ರಶ್ನೆ: ಕಾವೇರಿ ಪ್ರವಾಹದಂಥ ಹೊತ್ತಲ್ಲಿ ಕರೆಂಟ್ ಹೋದರೆ ರಿಪೀಟರಿಗೆ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ?
– ಓದುಗರು, ನಂಜನಗೂಡು

ಉತ್ತರ: ರಿಪೀಟರ್ ಸುಮ್ಮನಿದ್ದಾಗ ಅರ್ಧ ಆಂಪಿಯರ್ ಎಂದರೆ ದಿನಕ್ಕೆ 12 ಎಎಚ್. 25 ವ್ಯಾಟಿನಲ್ಲಿ ಮಾತಾಡುವಾಗ 7 ಆಂಪಿಯರ್. ದಿನಕ್ಕೆ 3 ಗಂಟೆ ಮಾತಿಗೆ 21 ಎಎಚ್. ಒಟ್ಟು 33. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಒಂದೂವರೆ ದಿನ. ಅಂಥ ಹೊತ್ತಲ್ಲಿ ಹರಟೆ ನಿಲ್ಲಲಿ. ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರುಮಾಡುವ ಮುನ್ನ ಎರಡು ಸೆಕೆಂಡ್ ಬಿಡಿ; ತುರ್ತು ಕರೆ ನುಸುಳುವುದು ಅಲ್ಲೇ.

ಪ್ರಶ್ನೆ: ಕಬ್ಬಿನ ಗದ್ದೆಯಿಂದ ಲಾರಿಯವರಿಗೆ ಹೇಳಲು ರಿಪೀಟರ್ ಬಳಸಬಹುದೇ?
– ರೈತರು, ಮದ್ದೂರು

ಉತ್ತರ: ಇಲ್ಲ. ಲೈಸೆನ್ಸ್ ಇದ್ದವರೂ ವ್ಯವಹಾರದ ಮಾತಿಗೆ ಬಳಸುವಂತಿಲ್ಲ. ನಿಮಗೆ ಲೈಸೆನ್ಸ್ ಬೇಡದ 446 ಮೆಗಾಹರ್ಟ್ಜ್ ವಾಕಿಟಾಕಿ ಸಾಕು; ಬಯಲಲ್ಲಿ ಒಂದೆರಡು ಕಿಲೋಮೀಟರ್ ಬರುತ್ತದೆ, ಕಬ್ಬು ಎತ್ತರಕ್ಕೆ ಬೆಳೆದಾಗ ಇನ್ನೂ ಕಡಿಮೆ.